“ಟ್ಯಾಕ್ಸ್ ಇಲ್ಲ” ಅಂತ ಮಾತ್ರ ಊರು ಆರಿಸ್ಬೇಡಿ | ಭಾಗ 5

ಎಂಎಸ್ ಮುಗಿಸಿ ಅಮೆರಿಕದಲ್ಲಿ ಮೊದಲ ಆಫರ್ ಸಿಕ್ಕಿದವರಿಗೆಲ್ಲ ಗ್ರೂಪಲ್ಲಿ ಒಂದೇ ಸಲಹೆ: “ಟೆಕ್ಸಾಸ್‌ಗೆ ಹೋಗಮ್ಮಾ, ಸ್ಟೇಟ್ ಟ್ಯಾಕ್ಸ್ ಇಲ್ಲ!” ನನ್ನ ಪ್ರಕಾರ ಇದು ಅರ್ಧ ಸಲಹೆ.

ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಕೇಂದ್ರದ್ದು. ಬೀದರ್‌ನಲ್ಲಿದ್ರೂ ಮುಂಬೈನಲ್ಲಿದ್ರೂ ಲೆಕ್ಕ ಒಂದೇ. ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ದಾಟೋ ಹಾಗಿಲ್ಲ. ಅಲ್ಲಿ ಹಾಗಲ್ಲ. ಫೆಡರಲ್ ಟ್ಯಾಕ್ಸ್ ಜೊತೆಗೆ ಹೆಚ್ಚಿನ ರಾಜ್ಯಗಳು ತಮ್ಮದೂ ಹಾಕ್ತವೆ. ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್, ನೆವಾಡಾ ಥರದ ಕೆಲವು ರಾಜ್ಯಗಳು ಮಾತ್ರ ಸಂಬಳ ಮುಟ್ಟಲ್ಲ.

👉 ಕ್ಯಾಲಿಫೋರ್ನಿಯಾ ಅಂದ್ರೆ 13.3% ಅಂತ ಹೆದರಿಸ್ತಾರೆ. ಆ ದರ 10 ಲಕ್ಷ ಡಾಲರ್ ದಾಟಿದ ಆದಾಯಕ್ಕೆ. ಒಬ್ಬರೇ ಇದ್ದು 1 ಲಕ್ಷ ಡಾಲರ್ ಸಂಬಳ ಇದ್ರೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಹತ್ತಿರ ಹತ್ತಿರ 5 ಸಾವಿರ ಡಾಲರ್.

👉 ಸಂಬಳದಲ್ಲಿ ಬಿಟ್ಟದ್ದನ್ನ ಬೇರೆ ಕಡೆ ವಸೂಲಿ ಮಾಡ್ತಾರೆ. ಟೆಕ್ಸಾಸ್‌ನಲ್ಲಿ ಆಸ್ತಿ ತೆರಿಗೆ ಜಾಸ್ತಿ, ಮನೆ ಓನರ್ ಅದನ್ನ ಬಾಡಿಗೆಗೆ ಸೇರಿಸದೆ ಬಿಡ್ತಾರಾ? ಸಿಯಾಟಲ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 10% ಮೇಲೆ.

👉 “ಕೆಲಸ ಪೋರ್ಟ್‌ಲ್ಯಾಂಡಲ್ಲಿ, ಮನೆ ನದಿಯಾಚೆ ವಾಷಿಂಗ್ಟನ್‌ನಲ್ಲಿ” ಅನ್ನೋ ಜಾಣತನಾನೂ ನಡೆಯಲ್ಲ. ಒರೆಗಾನ್‌ನಲ್ಲಿ ದುಡಿದ ಸಂಬಳಕ್ಕೆ ಒರೆಗಾನ್ ಟ್ಯಾಕ್ಸ್ ಕಟ್ಟಲೇಬೇಕು.

ಹಾಗಂತ 5 ಸಾವಿರ ಡಾಲರ್ ಸಣ್ಣದಲ್ಲ. ಊರಲ್ಲಿ ಎಜುಕೇಷನ್ ಲೋನ್‌ಗೆ ಅಪ್ಪ ಸೈನ್ ಹಾಕಿದ್ದಾರೆ, ಬಡ್ಡಿ ಓಡ್ತಾ ಇದೆ. ಎರಡೂ ಕಡೆ ಸಂಬಳ, ಬಾಡಿಗೆ ಒಂದೇ ಆಗಿದ್ರೆ ಧಾರಾಳವಾಗಿ ಟ್ಯಾಕ್ಸ್ ಇಲ್ಲದ ಕಡೆ ಹೋಗಿ. ಆದ್ರೆ ಒಂದೇ ಇರೋದು ಅಪರೂಪ.

ಟ್ಯಾಕ್ಸ್‌ಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಕೆಲಸ ಹೋದ್ರೆ ಇನ್ನೊಂದು ಎಷ್ಟು ಬೇಗ ಸಿಗುತ್ತೆ? ಮೊದಲ ವರ್ಷದ ಒಪಿಟಿಯಲ್ಲಿ ಕೆಲಸ ಇಲ್ಲದೆ ಇರೋಕೆ ಒಟ್ಟು 90 ದಿನ ಮಾತ್ರ. ಎಚ್-1ಬಿಯಲ್ಲಿ ಹೆಚ್ಚೆಂದ್ರೆ 60. ನಿಮ್ಮ ಫೀಲ್ಡಿನ ಕಂಪನಿ ಒಂದೇ ಒಂದಿರೋ ಊರಲ್ಲಿ ಟ್ಯಾಕ್ಸ್ ಉಳಿಸಿ, ಆ 90 ದಿನದಲ್ಲಿ ಗಂಟುಮೂಟೆ ಕಟ್ಟೋ ಹಾಗಾದ್ರೆ ಉಳಿಸಿದ್ದು ಏನು?

ಅದಕ್ಕೇ ಲೀಸ್‌ಗೆ ಸೈನ್ ಹಾಕೋ ಮೊದಲು ಒಂದು ಹಾಳೇಲಿ ಬರೀರಿ: ಕೈಗೆ ಬರೋ ಸಂಬಳ, ಬಾಡಿಗೆ, ಕಾರು–ಇನ್ಶೂರೆನ್ಸ್, ಆ ಊರಲ್ಲಿ ನಿಮ್ಮ ಕೆಲಸ ಕೊಡೋ ಕಂಪನಿಗಳು. ನಾಲ್ಕೂ ಸಾಲು ನೋಡಿ ಆರಿಸಿ.

ನಿಮಗೆ ಎರಡು ಆಫರ್ ಇದ್ರೆ ಕಾಮೆಂಟಲ್ಲಿ ಊರಿನ ಹೆಸರು ಹಾಕಿ, ಒಟ್ಟಿಗೆ ಲೆಕ್ಕ ಹಾಕೋಣ. 👇

#ಕನ್ನಡದಲ್ಲಿ_ದುಡ್ಡಿನ_ಮಾತು #ಎಂಎಸ್_ಆದ್ಮೇಲೆ