ಬಿಟ್ಟು ಹೋದವರಿಗೇಕೆ ಊರ ಉಸಾಬರಿ?

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆಯಲ್ಲಿ ಪೂಜೆ, ಊಟ. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕವಳದ ತಟ್ಟೆ ಸುತ್ತ ಕೂತಿದ್ವಿ. ಅಡಿಕೆ ರೇಟು, ಕೊಳೆ ರೋಗ, ಮಂಗನ ಕಾಟ, ಎಲ್ಲ ಮುಗಿದ ಮೇಲೆ ನಾನು ಸುಮ್ಮನಿರಲಾರದೆ ಸಂಕದ ವಿಷಯ ತೆಗೆದೆ.

ನಮ್ಮೂರು ಸಾಗರದಿಂದ ಸುಮಾರು ಮೂವತ್ತು ಕಿಲೋಮೀಟರು. ಡಾಂಬರು ರಸ್ತೆಯಿಂದ ನಮ್ಮ ಮನೆಗಳ ಕಡೆ ಬರಬೇಕಾದರೆ ಒಂದು ಹಳ್ಳ ದಾಟಬೇಕು. ಅದಕ್ಕೊಂದು ಕಾಲುಸಂಕ. ನಾಲ್ಕು ಅಡಿಕೆ ಮರ ಉದ್ದಕ್ಕೆ ಹಾಸಿ, ಹಿಡಿದುಕೊಳ್ಳಲು ಪಕ್ಕದಲ್ಲೊಂದು ಬಿದಿರು ಕಟ್ಟಿದರೆ ಸಂಕ ಆಯಿತು. ಪ್ರತಿ ಮಳೆಗಾಲಕ್ಕೂ ಹೊಸದು ಹಾಕಬೇಕು. ಪಾಚಿ ಕಟ್ಟಿದರೆ ಜಾರುತ್ತೆ. ನಾನು ಶಾಲೆಗೆ ಹೋಗುವಾಗ ದಾಟಿದ್ದು ಅದನ್ನೇ, ಈಗಿನ ಮಕ್ಕಳು ದಾಟುವುದೂ ಅದನ್ನೇ. ಎಪ್ಪತ್ತು ದಾಟಿದ ನನ್ನಮ್ಮ ಹಾಲು ಕೊಡಲು ಹೋಗುವುದೂ ಅದರ ಮೇಲೆಯೇ. "ಇಷ್ಟು ವರ್ಷ ಆಯ್ತಲ್ಲ ಚಿಕ್ಕಪ್ಪ, ಒಂದು ಸಿಮೆಂಟಿನ ಸಂಕ ಹಾಕಿಸಿಕೊಳ್ಳೋಕೆ ಆಗಲಿಲ್ವಾ ನಮ್ಮೂರಿಗೆ? ಎಲೆಕ್ಷನ್ ಬಂದಾಗ ಯಾರೂ ಕೇಳೋದೇ ಇಲ್ವಾ?" ಅಂದೆ.

ಜಗಲಿ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ಮೂಲೆಯಲ್ಲಿ ಕೂತಿದ್ದ ನನ್ನದೇ ವಾರಿಗೆಯವನೊಬ್ಬ ನಗುತ್ತಲೇ ಅಂದ, "ನೀನು ಬಿಟ್ಟು ಹೋಗಿ ಇಪ್ಪತ್ತು ವರ್ಷ ಆತು ಮಾರಾಯ. ಬಿಟ್ಟು ಹೋದವರಿಗೆ ಊರ ಉಸಾಬರಿ ಯಾಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ? ಆದರೆ ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಜಗಲಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವವರಲ್ಲೂ ಬಹಳಷ್ಟು ಜನ ಊರು ಬಿಟ್ಟವರೇ. ನೀವೂ ಈ ಮಾತು ಕೇಳಿಸಿಕೊಂಡಿರುತ್ತೀರಿ.

ಮೊದಲಿಗೆ ಈ ಮಾತಿನ ಮಜಾ ನೋಡಿ. ಊರಲ್ಲೇ ಇದ್ದು ತಕರಾರು ಮಾಡಿದರೆ ಏನಂತಾರೆ? "ಇಷ್ಟ ಇಲ್ಲದಿದ್ರೆ ಬಿಟ್ಟು ಹೋಗು." ಸರಿ ಸ್ವಾಮಿ ಅಂತ ಬಿಟ್ಟು ಹೋದ. ಹೋದಮೇಲೆ ಬಾಯಿ ಬಿಟ್ಟರೆ? "ಬಿಟ್ಟು ಹೋದವನಿಗೆ ಮಾತಾಡೋ ಹಕ್ಕಿಲ್ಲ." ಹಾಗಾದರೆ ಮಾತಾಡಬೇಕಾದ್ದು ಯಾವಾಗ? ಬಸ್ ಸ್ಟಾಂಡಿಗೂ ಮನೆಗೂ ಮಧ್ಯೆ, ಸೂಟ್‌ಕೇಸು ಹಿಡಕೊಂಡು, ಆ ಸಂಕದ ಮೇಲೆ ನಿಂತಾಗಲಾ? :) ಬೆಂಗಳೂರಿನ ಟ್ರಾಫಿಕ್ ಬಗ್ಗೆ ಗೊಣಗುವವನಿಗೂ ಇದೇ ಉತ್ತರ, ಅಮೆರಿಕಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿನ ಕೆರೆಗಳ ಬಗ್ಗೆ ಗೊಣಗುವವನಿಗೂ ಇದೇ ಉತ್ತರ. ಇವರಿಗೆ ಬೇಕಾದ್ದು ನಮ್ಮ ವಿಳಾಸ ಅಲ್ಲ, ನಮ್ಮ ಮೌನ.

ಎರಡನೆಯದು, ಬಿಟ್ಟು ಹೋದವರು ಬೇಡ ಅನ್ನೋ ಇದೇ ಊರು ದೇವಸ್ಥಾನದ ಜೀರ್ಣೋದ್ಧಾರ ಅಂದಾಗ ರಸೀದಿ ಪುಸ್ತಕ ಹಿಡಿದು ಬೆಂಗಳೂರಿಗೆ ಬರುತ್ತೆ. ಶಾಲೆಗೆ ಶತಮಾನೋತ್ಸವ ಆದರೆ ಹಳೇ ವಿದ್ಯಾರ್ಥಿಗಳ ಪಟ್ಟಿ ಹುಡುಕಿ ಫೋನು ಮಾಡುತ್ತೆ. ದೇಶದ ಮಟ್ಟದಲ್ಲೂ ಅಷ್ಟೆ. ಹೊರದೇಶದಲ್ಲಿರುವ ಭಾರತೀಯರು 2024ರಲ್ಲಿ ಮನೆಗೆ ಕಳಿಸಿದ ದುಡ್ಡು ಸುಮಾರು 129 ಬಿಲಿಯನ್ ಡಾಲರ್ ಅಂತ ವಿಶ್ವಬ್ಯಾಂಕಿನ ಅಂದಾಜು, ಜಗತ್ತಿನಲ್ಲೇ ಹೆಚ್ಚು. ಆ ದುಡ್ಡಿಗೆ ಯಾರೂ "ನೀನು ಬಿಟ್ಟು ಹೋದವನು, ನಿನ್ನ ದುಡ್ಡು ಬೇಡ" ಅಂದದ್ದು ನಾನಂತೂ ಕೇಳಿಲ್ಲ. ಕಾನೂನು ಕೂಡ ಹಾಗೆ ಹೇಳಲ್ಲ. ಪ್ರಜಾಪ್ರತಿನಿಧಿ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ಹೊರದೇಶದಲ್ಲಿರುವ ಭಾರತದ ನಾಗರಿಕರಿಗೂ ತಮ್ಮ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುವ ಹಕ್ಕು ಕೊಟ್ಟಿದ್ದಾರೆ. ವೋಟು ಹಾಕಲು ಖುದ್ದು ಬರಬೇಕು, ಅದು ಬೇರೆ ಮಾತು. ಸಮುದ್ರ ದಾಟಿದವನಿಗೂ ಊರಿನಲ್ಲಿ ಪಾಲಿದೆ ಅಂತ ಸರ್ಕಾರವೇ ಒಪ್ಪಿದೆ. ಒಪ್ಪದಿರೋದು ನಮ್ಮ ಜಗಲಿ ಮಾತ್ರ!

ಮೂರನೆಯದು, "ಬಿಟ್ಟು ಹೋದವರು" ಅಂದ ಕೂಡಲೆ ನಮ್ಮ ಕಣ್ಣಿಗೆ ಬರುವುದು ಸಾಫ್ಟ್‌ವೇರ್ ಹುಡುಗ. 2011ರ ಜನಗಣತಿ ಬೇರೆ ಚಿತ್ರ ಕೊಡುತ್ತೆ. ದೇಶದಲ್ಲಿ 45 ಕೋಟಿಗೂ ಹೆಚ್ಚು ಜನ ಇದ್ದ ಜಾಗ ಬಿಟ್ಟು ಬೇರೆ ಕಡೆ ಬಂದವರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನೌಕರಿ ಅಲ್ಲ, ಮದುವೆ. ಅಂದರೆ ಈ ದೇಶದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಊರು ಬಿಟ್ಟವರು ನಮ್ಮ ಅಕ್ಕತಂಗಿಯರು. ಆಕೆ ತವರಿಗೆ ಬಂದು "ಅಮ್ಮನ ಮಂಡಿ ನೋವಿಗೆ ಯಾಕೆ ಇನ್ನೂ ತೋರಿಸಿಲ್ಲ, ಬಚ್ಚಲಲ್ಲಿ ಹೀಗೆ ಜಾರಿದರೆ ಅವಳು ಬೀಳಲ್ವಾ" ಅಂತ ಅಣ್ಣನನ್ನು ದಬಾಯಿಸುತ್ತಾಳೆ. ಅಣ್ಣನಿಗೆ ಸಿಟ್ಟು ಬರುತ್ತೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅಂತ ನಾವು ಗಾದೆಯನ್ನೇ ಮಾಡಿಟ್ಟಿದ್ದೇವೆ. ಈಗ ನೀವೇ ಹೇಳಿ, ತವರಿನ ಬಚ್ಚಲ ಬಗ್ಗೆ ಬಯ್ಯುವ ಮಗಳಿಗೆ ತವರು ಅಂದರೆ ದ್ವೇಷವಾ? ಬಂದು, ಹೋಳಿಗೆ ತಿಂದು, "ಎಲ್ಲ ಚೆನ್ನಾಗಿದೆ" ಅಂತ ನಕ್ಕು ಹೋಗುವವಳಿಗಿಂತ ಅವಳೇ ವಾಸಿ ಅಲ್ಲವಾ? ನನಗೆ ಹೇಳಿದ ಮಾತೂ ಅದೇ ಗಾದೆಯ ಗಂಡು ರೂಪ, ಅಷ್ಟೇ.

ಇನ್ನೊಂದು ಮಾತು. ಊರು ಎಲ್ಲರಿಗೂ ಒಂದೇ ಅಲ್ಲ. ನನಗೆ ಊರು ಅಂದರೆ ತೋಟ, ಹಳ್ಳ, ಅಮ್ಮ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಾ ಕುಡಿದು ಬೆಳೆದವನಿಗೆ ಊರು ಅಂದರೆ ಏನು? ಸಂವಿಧಾನ ಸಭೆಯಲ್ಲಿ ಗ್ರಾಮಗಳನ್ನು ಹಾಡಿ ಹೊಗಳುವವರು ಬಹಳ ಮಂದಿ ಇದ್ದರು. 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುತ್ತಾ ಅಂಬೇಡ್ಕರ್ ಅದಕ್ಕೆ ತದ್ವಿರುದ್ಧ ಹೇಳಿದರು. ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡು, ಸಂವಿಧಾನಕ್ಕೆ ಹಳ್ಳಿಯ ಬದಲು ವ್ಯಕ್ತಿಯೇ ಘಟಕ ಆಗಿರೋದು ಸಂತೋಷ ಅನ್ನುವ ಅರ್ಥದ ಮಾತು. ಕೇರಿಯಿಂದ ಪಟ್ಟಣಕ್ಕೆ ಬಂದವನು ಊರನ್ನು ಬಯ್ದರೆ "ಬಿಟ್ಟು ಹೋದವನಿಗೆ ಯಾಕೆ" ಅನ್ನುವುದು ತಕರಾರೇ ಅಲ್ಲ, ತಪ್ಪಿಸಿಕೊಳ್ಳುವ ದಾರಿ. ಅವನು ಊರೊಳಗೆ ಇದ್ದಾಗ ಬಾಯಿ ಬಿಡುವ ಹಾಗಿತ್ತೇ? ದೂರ ಹೋದ ಮೇಲೆ ತಾನೆ ಅವನಿಗೆ ದನಿ ಬಂದದ್ದು?

ಇಷ್ಟೆಲ್ಲ ಬರೆದರೂ ಆ ಗೆಳೆಯನ ಮಾತಿನಲ್ಲಿ ನನಗೆ ನಾಟಿದ್ದೊಂದಿದೆ. ಅದನ್ನು ಮುಚ್ಚಿಟ್ಟರೆ ಮೋಸ ಆಗುತ್ತೆ.

ಆಲ್ಬರ್ಟ್ ಹಿರ್ಷ್‌ಮನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದರು. ಬರ್ಲಿನ್ನಿನಲ್ಲಿ ಹುಟ್ಟಿ, 1933ರಲ್ಲಿ ಹಿಟ್ಲರ್ ಬಂದ ವರ್ಷವೇ ದೇಶ ಬಿಟ್ಟವರು. 1970ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ಯಾವುದಾದರೂ ಕೆಟ್ಟರೆ ಜನರಿಗೆ ಎರಡು ದಾರಿ: ಬಿಟ್ಟು ಹೋಗೋದು, ಇಲ್ಲಾ ದನಿ ಎತ್ತೋದು. ಅವರು ಕೊಟ್ಟ ಉದಾಹರಣೆ ನೈಜೀರಿಯಾದ ರೈಲು. ರೈಲು ಕೆಟ್ಟಿತ್ತು, ಪಕ್ಕದಲ್ಲಿ ಲಾರಿಗಳಿದ್ದವು. ಲಾರಿಯ ಪೈಪೋಟಿಯಿಂದ ರೈಲು ಸುಧಾರಿಸಬೇಕಿತ್ತು. ಸುಧಾರಿಸಲಿಲ್ಲ. ಯಾಕೆಂದರೆ ಜೋರಾಗಿ ಗಲಾಟೆ ಮಾಡಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋಗಿಬಿಟ್ಟರು. ಉಳಿದವರ ಮಾತು ಯಾರೂ ಕೇಳಲಿಲ್ಲ.

ನಮ್ಮ ಸಂಕದ ಕಥೆಯೂ ಇದೇ ಅಲ್ಲವಾ? ಅರ್ಜಿ ಬರೆಯಬಲ್ಲವರು, ಆಫೀಸಿನಲ್ಲಿ ಎದುರು ಕೂತು ಜೋರು ಮಾಡಬಲ್ಲವರು, ಒಬ್ಬೊಬ್ಬರಾಗಿ ಬಸ್ಸು ಹತ್ತಿದೆವು. ಊರಿಗೆ ನಾವು ಮಾಡಿದ ನಿಜವಾದ ಅನ್ಯಾಯ ಬಯ್ದದ್ದಲ್ಲ. ಬಯ್ಯುವ ಬಾಯಿಗಳನ್ನೆಲ್ಲ ಹೊತ್ತುಕೊಂಡು ಹೋದದ್ದು. ಅದಕ್ಕೇ ನಾನು ಹೇಳೋದು, ಹೋದವರು ಸುಮ್ಮನಾದರೆ ಅದು ಎರಡನೇ ಸಲ ಊರು ಬಿಟ್ಟ ಹಾಗೆ.

ಹಿರ್ಷ್‌ಮನ್ ಕೂಡ ತಮ್ಮ ಮಾತನ್ನು ಆಮೇಲೆ ತಿದ್ದಿಕೊಂಡರು. 1989ರಲ್ಲಿ ಪೂರ್ವ ಜರ್ಮನಿಯ ಜನ ಹಂಗೇರಿ ದಾರಿ ಹಿಡಿದು ಸಾವಿರಗಟ್ಟಲೆ ಹೊರಟರು. ಅದೇ ಹೊತ್ತಿಗೆ ಲೈಪ್‌ಜಿಗ್‌ನಲ್ಲಿ ಉಳಿದವರು ಬೀದಿಗಿಳಿದು "ನಾವು ಇಲ್ಲೇ ಇರ್ತೀವಿ" ಅಂತ ಕೂಗಿದರು. ನವೆಂಬರ್ 9ಕ್ಕೆ ಗೋಡೆ ತೆರೆಯಿತು. ಹೋದವರೂ ಉಳಿದವರೂ ಅಲ್ಲಿ ಒಬ್ಬರಿಗೊಬ್ಬರು ಬಲವಾದರು ಅಂತ 1993ರಲ್ಲಿ ಅವರೇ ಬರೆದರು.

ನಮ್ಮ ತಾಲ್ಲೂಕಿನಲ್ಲೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಯಿತು. ಅವರ ಹೊಲಮನೆ ಮುಳುಗಿಸಿದ ನೀರಿನಿಂದ ಬೆಂಗಳೂರಿನಲ್ಲಿ ದೀಪ ಉರಿಯಿತು. ಸೇತುವೆಗೆ ಶಂಕುಸ್ಥಾಪನೆ 2018ರಲ್ಲಿ, ಉದ್ಘಾಟನೆ 2025ರ ಜುಲೈ 14ಕ್ಕೆ. ಅರವತ್ತು ವರ್ಷ! ಆ ದ್ವೀಪದಲ್ಲಿ ಉಳಿದವರು ಹೋರಾಟ ಮಾಡಿದರು, ಅದು ಅವರದೇ ಗೆಲುವು, ಅದರಲ್ಲಿ ಪಾಲು ಕೇಳುವ ಮುಖ ನನಗಿಲ್ಲ. ಆದರೆ ಒಂದು ಪ್ರಶ್ನೆ. ಅಲ್ಲಿಂದ ಹೊರಗೆ ಹೋದವರು ಲಾಂಚಿನ ಗೋಳನ್ನು ಹೋದಲ್ಲೆಲ್ಲ ಹೇಳದೆ, "ನಮ್ಮೂರು ಸ್ವರ್ಗ, ದೋಣಿಯಲ್ಲೇ ಹೋಗ್ತೀವಿ" ಅಂತ ಫೋಟೋ ತೋರಿಸಿಕೊಂಡಿದ್ದರೆ ಉಳಿದವರಿಗೆ ಉಪಕಾರ ಆಗುತ್ತಿತ್ತಾ?

ಹಾಗಂತ ಊರು ಬಿಟ್ಟವರ ಬಯ್ಗುಳವೆಲ್ಲ ಪವಿತ್ರ ಅಂತ ನಾನು ಹೇಳುತ್ತಿಲ್ಲ. ಹೋದದ್ದು ಸರಿ ಅಂತ ತನಗೆ ತಾನೇ ಸಮಾಧಾನ ಮಾಡಿಕೊಳ್ಳಲು ಬಯ್ಯುವವರಿದ್ದಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತು, ಮನೆ ಸಾಲದ ಕಂತು ಲೆಕ್ಕ ಹಾಕುವವನಿಗೆ ಊರು ಕೆಟ್ಟದ್ದು ಅನ್ನಿಸಲೇಬೇಕು. ಇಲ್ಲದಿದ್ದರೆ ಬದುಕೋದು ಕಷ್ಟ. ಇನ್ನು ಕೆಲವರ ಗಡಿಯಾರ ಊರು ಬಿಟ್ಟ ದಿನಕ್ಕೇ ನಿಂತಿರುತ್ತೆ. ನನ್ನದೂ ನಿಂತಿತ್ತು. "ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ" ಅಂತ ಆಫೀಸಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದವನು ನಾನು. ಈ ಸಲ ಹೋದರೆ ಅಮ್ಮ ಅಡಿಗೆಮನೆಯಲ್ಲಿ ನಿಂತು ಅಕ್ಕನ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದಾಳೆ! ಬಯ್ಯುವುದಾದರೆ ಈಗಿನ ಊರನ್ನು ಬಯ್ಯಬೇಕು, ನಾವು ಬಿಟ್ಟ ಊರನ್ನಲ್ಲ. ಅದಕ್ಕೆ ಆಗಾಗ ಹೋಗಬೇಕು, ಕೇಳಬೇಕು, ಸರಿಯಾದದ್ದನ್ನು ಸರಿಯಾಗಿದೆ ಅಂತ ಒಪ್ಪಬೇಕು.

ಆದರೆ ಸಂಕ ಮಾತ್ರ ಸರಿಯಾಗಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದಳು. ತುಂಬಿ ಹರಿಯುತ್ತಿದ್ದ ಹಳ್ಳ ಅವಳನ್ನು ಕೊಂಡೊಯ್ಯಿತು. ಆ ಸುದ್ದಿ ಓದಿದ ದಿನ ಬೆಂಗಳೂರಿನಲ್ಲಿ ಕೂತಿದ್ದ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹಳ್ಳ. ಆ ಹೊತ್ತಿಗೆ ನಾನು ಊರು ಬಿಟ್ಟವನೋ ಊರಲ್ಲಿದ್ದವನೋ?

ಮೊನ್ನೆ ಭಾನುವಾರ ಚಿಕ್ಕಪ್ಪನಿಗೆ ಫೋನು ಮಾಡಿದೆ. ಅರ್ಜಿ ನಾನು ಬರೆದು ಕಳಿಸ್ತೀನಿ, ಸಹಿ ನೀವೆಲ್ಲ ಹಾಕಿ, ಪಂಚಾಯಿತಿಗೆ ಕೊಡೋ ದಿನ ರಜೆ ಹಾಕಿ ನಾನೂ ಬರ್ತೀನಿ ಅಂದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆ. ಆದರೆ ಜೋರಾಗಿ ಬರೆ" ಅಂದರು.

ಜಗಲಿಯ ಗೆಳೆಯನೂ ಸಹಿ ಹಾಕುತ್ತಾನಂತೆ. ಅವನ ಮಗಳು ಈ ವರ್ಷ ಒಂದನೇ ಕ್ಲಾಸು.

ನಿಮ್ಮೂರಲ್ಲೂ ಇಂಥದ್ದೊಂದು ಸಂಕ ಇದ್ದೇ ಇರುತ್ತೆ. "ಬಿಟ್ಟು ಹೋದವರಿಗೆ ಯಾಕೆ" ಅಂದಾಗ ನೀವೇನು ಉತ್ತರ ಕೊಟ್ಟಿರಿ? ಬರೆಯಿರಿ, ಓದೋಣ.