ಉತ್ತರ ಗೊತ್ತಿರುವ ಪ್ರಶ್ನೆಗೆ ಪ್ರಾಜೆಕ್ಟ್ ಯಾಕೆ?

ಎಂಬಿಎ, ಎಂ.ಕಾಂ. ಕೊನೆಯ ಸೆಮಿಸ್ಟರ್‌ನ ಸಿನಾಪ್ಸಿಸ್‌ಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಕಾಣುವ ಕರ್ನಾಟಕವೇ ಬೇರೆ. ಅಲ್ಲಿ ಗ್ರಾಹಕರೆಲ್ಲ ತೃಪ್ತರು. ತರಬೇತಿ ಪಡೆದ ನೌಕರರೆಲ್ಲ ಚುರುಕಾಗಿದ್ದಾರೆ. ಜಾಹೀರಾತು ಕೊಟ್ಟವರ ಮಾರಾಟ ಹೆಚ್ಚಿದೆ. ಸ್ಯಾಂಪಲ್ ಮಾತ್ರ ನೂರೇ ಜನ. ಯಾಕೆ ನೂರು ಎಂದರೆ ಶೇಕಡಾವಾರು ಲೆಕ್ಕಕ್ಕೆ ಸುಲಭ, ಅಷ್ಟೇ. ಊರು ಮತ್ತು ಕಂಪನಿಯ ಹೆಸರು ಬದಲಿಸಿದರೆ ತುಮಕೂರಿನ ಸಿನಾಪ್ಸಿಸ್ ಹಾವೇರಿಗೂ ಸಲ್ಲುತ್ತದೆ.

ಇದಕ್ಕೆ ವಿದ್ಯಾರ್ಥಿಗಳನ್ನು ಬೈದರೆ ಪ್ರಯೋಜನವಿಲ್ಲ. ವ್ಯವಸ್ಥೆ ಅವರಿಂದ ಕೇಳುವುದೇ ಅಷ್ಟು: ಟಾಪಿಕ್ ಕೊಡು, ಗೈಡ್ ಸಹಿ ಹಾಕಿಸು, ಕಂಪನಿಯಿಂದ ಸರ್ಟಿಫಿಕೇಟ್ ತಾ, ಬೈಂಡಿಂಗ್ ಮಾಡಿಸು. ಇಡೀ ಪ್ರಾಜೆಕ್ಟ್‌ನಲ್ಲಿ ವಿದ್ಯಾರ್ಥಿ ನಿಜವಾಗಿ ತಲೆ ಓಡಿಸಬೇಕಾದ ಜಾಗ ಸಂಶೋಧನಾ ಪ್ರಸ್ತಾವ, ಅಂದರೆ ಇದೇ ಸಿನಾಪ್ಸಿಸ್. ಅದು ಮುಗಿಯುವುದು ಒಂದು ಸಂಜೆಯಲ್ಲಿ, ಹಿಂದಿನ ಬ್ಯಾಚ್‌ನವರು ಕಳಿಸಿದ ವರ್ಡ್ ಫೈಲ್‌ನ ಮೇಲೆ.

ಒಳ್ಳೆಯ ಪ್ರಸ್ತಾವವನ್ನು ಗುರುತಿಸಲು ಒಂದೇ ಪರೀಕ್ಷೆ ಸಾಕು. ಅದರಲ್ಲಿರುವ ಊಹೆ ತಪ್ಪಾಗುವ ಸಾಧ್ಯತೆ ಇದೆಯೇ? ‘ನಂದಿನಿ ಉತ್ಪನ್ನಗಳ ಬಗ್ಗೆ ಗ್ರಾಹಕರ ತೃಪ್ತಿ’ ಎಂಬ ಧಾಟಿಯ ಟಾಪಿಕ್‌ನಲ್ಲಿ ಅಂಥ ಅಪಾಯವೇ ಇಲ್ಲ. ದಿನಾ ಕೊಳ್ಳುವವರನ್ನು ನಿಲ್ಲಿಸಿ ಇಷ್ಟವೇ ಎಂದು ಕೇಳಿದರೆ ಇನ್ನೇನು ಹೇಳುತ್ತಾರೆ?

ಅದೇ ನಂದಿನಿ ಪ್ಯಾಕೆಟ್ ಒಂದೇ ವರ್ಷದೊಳಗೆ ಯಾರೂ ಕೇಳದೆಯೇ ಒಂದು ಸೊಗಸಾದ ಪ್ರಯೋಗವನ್ನು ಒದಗಿಸಿದೆ. 2024ರ ಜೂನ್ ಕೊನೆಯಲ್ಲಿ ಕೆಎಂಎಫ್ ಪ್ರತಿ ಪ್ಯಾಕೆಟ್‌ಗೆ 50 ಮಿ.ಲೀ. ಹಾಲು ಸೇರಿಸಿ 2 ರೂಪಾಯಿ ಏರಿಸಿತು. 42 ರೂಪಾಯಿಯ ಒಂದು ಲೀಟರ್ ಟೋನ್ಡ್ ಹಾಲು 1,050 ಮಿ.ಲೀ.ಗೆ 44 ರೂಪಾಯಿ ಆಯಿತು. 2025ರ ಏಪ್ರಿಲ್ 1ರಂದು ಆ ಹೆಚ್ಚುವರಿ ಹಾಲು ಹೋಯಿತು, ಬೆಲೆ 46ಕ್ಕೆ ಮುಟ್ಟಿತು. ಪ್ಯಾಕೆಟ್ ಮೇಲಿನ ಬೆಲೆ ನೋಡಿದರೆ ಎರಡು ಸಲವೂ ಎರಡೆರಡೇ ರೂಪಾಯಿ ಏರಿಕೆ. ಲೀಟರ್ ಲೆಕ್ಕ ಹಾಕಿದರೆ ಚಿತ್ರ ಬೇರೆ. ಮೊದಲ ಸಲ ದರ ಏರಿಯೇ ಇಲ್ಲ, 41 ರೂಪಾಯಿ 90 ಪೈಸೆಯ ಸುಮಾರಿಗೆ ನಿಂತಿತ್ತು. ಎರಡನೆಯ ಸಲ 4 ರೂಪಾಯಿಗೂ ತುಸು ಹೆಚ್ಚೇ ಏರಿತು. ಹಾಗಾದರೆ ಕೊಳ್ಳುವವರು ಗಮನಿಸುವುದು ಪ್ಯಾಕೆಟ್ ಬೆಲೆಯನ್ನೋ ಹಾಲಿನ ಅಳತೆಯನ್ನೋ?

ಈ ಪ್ರಶ್ನೆಗೆ ಯಾವ ಗೂಗಲ್ ಫಾರ್ಮ್ ಕೂಡ ಬೇಡ. ಬಡಾವಣೆಯೊಂದರ ಹಾಲಿನ ಬೂತ್‌ಗಳವರು ದಿನಾ ಹಾಕುವ ಇಂಡೆಂಟ್ ಲೆಕ್ಕ ಸಿಕ್ಕಿದರೆ ಸಾಕು. ಜನ ನೋಡುವುದು ಪ್ಯಾಕೆಟ್ ಬೆಲೆಯನ್ನಷ್ಟೇ ಎಂದಾದರೆ ಎರಡೂ ಏರಿಕೆಗಳ ನಂತರ ಮಾರಾಟದ ಪ್ಯಾಕೆಟ್‌ಗಳ ಸಂಖ್ಯೆ ಒಂದೇ ಬಗೆಯಲ್ಲಿ ಬದಲಾಗಬೇಕು. ಅಳತೆಯನ್ನೂ ನೋಡುತ್ತಾರೆ ಎಂದಾದರೆ ವ್ಯತ್ಯಾಸ ಕಾಣಬೇಕು. ಎರಡರಲ್ಲೊಂದು ಊಹೆ ಬೀಳುತ್ತದೆ. ಅಡ್ಡಿಗಳೇನು ಕಡಿಮೆ ಇಲ್ಲ. ಒಂದು ಏರಿಕೆ ಬಂದದ್ದು ಶಾಲೆಗಳು ಶುರುವಾದ ಮೇಲೆ, ಇನ್ನೊಂದು ಬೇಸಿಗೆ ರಜೆ ಹೊಸ್ತಿಲಲ್ಲಿದ್ದಾಗ. ಕುಟುಂಬಗಳು ಊರಿಗೆ ಹೋದರೆ ಬೆಲೆ ಏರದಿದ್ದರೂ ಮಾರಾಟ ಕುಗ್ಗುತ್ತದೆ. ಹಾಗಾಗಿ ಬೆಲೆ ಬದಲಾಗದ ವರ್ಷಗಳ ಅದೇ ತಿಂಗಳ ಲೆಕ್ಕವೂ ಬೇಕು, ಖಾಸಗಿ ಡೇರಿಗಳ ದರವೂ ಬೇಕು. ಇದನ್ನೆಲ್ಲ ಮೊದಲೇ ಯೋಚಿಸಿ ಬರೆದಿಡುವುದಕ್ಕೇ ಪ್ರಸ್ತಾವ ಎನ್ನುವುದು. ಬೂತಿನವರು ಹಳೆಯ ಲೆಕ್ಕ ಇಟ್ಟಿಲ್ಲ ಎಂಬುದು ಟಾಪಿಕ್‌ಗೆ ಒಪ್ಪಿಗೆ ಸಿಗುವ ಮುಂಚೆ ಗೊತ್ತಾದರೆ ನಷ್ಟ ಎರಡು ದಿನದ್ದು. ಪ್ರಾಜೆಕ್ಟ್ ಅರ್ಧಕ್ಕೆ ಬಂದಾಗ ಗೊತ್ತಾದರೆ ಸೆಮಿಸ್ಟರೇ ಹೋಯಿತು.

ಹೀಗೆ ತಾನಾಗಿ ನಡೆದ ಬದಲಾವಣೆಯನ್ನು ಹಿಡಿದು ಹೆಸರಾದ ಅಧ್ಯಯನ ಪಕ್ಕದ ಕೇರಳದ್ದೇ ಇದೆ. 1997ರಿಂದ ಅಲ್ಲಿನ ಕರಾವಳಿಗೆ ಮೊಬೈಲ್ ಸೇವೆ ಒಂದೊಂದೇ ಪ್ರದೇಶಕ್ಕೆ ಬಂತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 15 ಕಡಲತೀರ ಮಾರುಕಟ್ಟೆಗಳಲ್ಲಿ ಬೂತಾಯಿ ಮೀನಿನ ದರವನ್ನು ವಾರವಾರ ದಾಖಲಿಸುತ್ತ ಹೋದರು. ದೋಣಿಯಿಂದಲೇ ದರ ವಿಚಾರಿಸುವುದು ಸಾಧ್ಯವಾದಾಗ ಒಂದು ತೀರಕ್ಕೂ ಇನ್ನೊಂದಕ್ಕೂ ಇದ್ದ ಬೆಲೆಯ ಅಂತರ ಕರಗಿತು, ಮಾರಾಟವಾಗದೆ ಸಮುದ್ರಕ್ಕೆ ಸುರಿಯುವ ಮೀನು ಇಲ್ಲವಾಯಿತು. ಮೀನುಗಾರರ ಲಾಭ ಸರಾಸರಿ ಶೇ 8 ಏರಿತು, ಕೊಳ್ಳುವವರಿಗೆ ಬೆಲೆ ಶೇ 4 ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ಬಲವೆಲ್ಲ ವಿನ್ಯಾಸದಲ್ಲಿದೆ: ಟವರ್ ಬಂದ ಊರನ್ನು ಇನ್ನೂ ಬಾರದ ಊರಿನೊಂದಿಗೆ ಹೋಲಿಸಬೇಕೆಂಬ ಯೋಚನೆಯಲ್ಲಿ.

ಕರ್ನಾಟಕದ ಎಪಿಎಂಸಿಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯ ಬಗ್ಗೆಯೂ 2020ರಲ್ಲಿ ಇಂಥದೊಂದು ಅಧ್ಯಯನ ಬಂತು. ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಮೆಕ್ಕೆಜೋಳಕ್ಕೆ ಶೇ 3.5ರಷ್ಟು ಬೆಲೆ ಹೆಚ್ಚಿತ್ತು. ಬೇರೆ ಕೆಲವು ಬೆಳೆಗಳಲ್ಲಿ ಅಂಥ ಸ್ಪಷ್ಟ ಬದಲಾವಣೆ ಇರಲಿಲ್ಲ. ಎಲ್ಲ ಬೆಳೆಗೂ ಲಾಭ ಎಂದು ಬರೆಯದೆ ಬಿಟ್ಟದ್ದರಿಂದಲೇ ಈ ಫಲಿತಾಂಶದ ಮೇಲೆ ನಂಬಿಕೆ ಬರುತ್ತದೆ.

ಅವೆಲ್ಲ ದೊಡ್ಡ ವಿಶ್ವವಿದ್ಯಾಲಯದವರ ಕೆಲಸ, ಕೆಲವೇ ವಾರಗಳ ಪ್ರಾಜೆಕ್ಟ್‌ನಲ್ಲಿ ನಮ್ಮ ಹುಡುಗರು ಏನು ಮಾಡಿಯಾರು ಎನ್ನುವವರು ಮ್ಯಾನೇಜ್‌ಮೆಂಟ್ ಚಿಂತಕ ಹೆನ್ರಿ ಮಿಂಟ್ಜ್‌ಬರ್ಗ್ ಅವರ ಪಿಎಚ್‌.ಡಿ. ನೆನೆಯಬಹುದು. 1968ರಲ್ಲಿ ಎಂಐಟಿಯಲ್ಲಿ ಅದನ್ನು ಮುಗಿಸಿದ ಅವರು ಗಮನಿಸಿದ್ದು ಐದೇ ಐದು ಮುಖ್ಯಾಧಿಕಾರಿಗಳನ್ನು, ತಲಾ ಒಂದು ವಾರ. ಪ್ರಶ್ನೆ ಮಗುವೂ ಕೇಳಬಹುದಾದದ್ದು: ಮ್ಯಾನೇಜರ್‌ಗಳು ದಿನವಿಡೀ ಏನು ಮಾಡುತ್ತಾರೆ? ಯೋಜಿಸುತ್ತಾರೆ, ಸಂಘಟಿಸುತ್ತಾರೆ, ನಿಯಂತ್ರಿಸುತ್ತಾರೆ ಎಂಬ ಹೆನ್ರಿ ಫೇಯಾಲ್ ಕಾಲದ ಪಾಠ ಎಲ್ಲರಿಗೂ ಬಾಯಿಪಾಠವಾಗಿತ್ತು. ಪಕ್ಕದಲ್ಲಿ ಕೂತು ನೋಡಿದರೆ ಆ ಅಧಿಕಾರಿಗಳ ಅರ್ಧದಷ್ಟು ಕೆಲಸಗಳು ಒಂಬತ್ತು ನಿಮಿಷವೂ ಸಾಗುತ್ತಿರಲಿಲ್ಲ. ಫೇಯಾಲ್ ಅವರ ಹದಿನಾಲ್ಕು ತತ್ವಗಳನ್ನು ಉರು ಹೊಡೆಯುವ ನಮ್ಮ ತರಗತಿಗಳಲ್ಲಿ ಈ ಕತೆಯನ್ನೂ ಹೇಳಿದರೆ ಚೆನ್ನ.

ಸ್ಯಾಂಪಲ್ ದೊಡ್ಡದಾದರೆ ಸಂಶೋಧನೆ ದೊಡ್ಡದಾಗುತ್ತದೆ ಎಂಬ ಭ್ರಮೆಗೂ ಹಳೆಯ ಮದ್ದಿದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಓದುಗರು ಮತ್ತು ಇತರರ ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ ಎರಡು ರಾಜ್ಯ ಬಿಟ್ಟು ಉಳಿದೆಲ್ಲವನ್ನೂ ಗೆದ್ದರು. ಉತ್ತರಿಸಿದವರು ಲಕ್ಷಗಟ್ಟಲೆ ಇದ್ದರೂ ಎಲ್ಲ ಮತದಾರರ ಪ್ರತಿನಿಧಿಗಳಾಗಿರಲಿಲ್ಲ. ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ ಪಡೆದ ಉತ್ತರ ನೂರಾದರೇನು, ನಾನೂರಾದರೇನು?

ಭಾಷೆಯ ತೊಡಕು ಇನ್ನೊಂದು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಸಿನಾಪ್ಸಿಸ್‌ನ ಸಿದ್ಧ ವಾಕ್ಯಗಳಿಗೆ ಜೋತುಬೀಳುವುದು ಸಹಜ. ಅಂಥ ಹುಡುಗಿಯೊಬ್ಬಳ ಅಪ್ಪ ದಿನಸಿ ಅಂಗಡಿ ನಡೆಸುತ್ತಿದ್ದರೆ, ಉದ್ರಿ ಪಡೆದ ಗಿರಾಕಿ ಆನ್‌ಲೈನ್ ಕಡೆ ವಾಲುತ್ತಾನೋ ಇಲ್ಲವೋ ಎಂಬ ಬಗ್ಗೆ ಗೈಡ್‌ಗಿಂತ ಆಕೆಗೇ ಹೆಚ್ಚು ಗೊತ್ತಿರುತ್ತದೆ. ಪ್ರಶ್ನೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ಹೋಗುವ ರೂಢಿ ಇದ್ದಿದ್ದರೆ ಇಂಥ ತಿಳಿವಳಿಕೆ ಪ್ರಸ್ತಾವದೊಳಗೆ ಬರುತ್ತಿತ್ತು.

ಈಗ ಚಾಟ್‌ಬಾಟ್‌ಗಳೂ ಇವೆ. ಅಚ್ಚುಕಟ್ಟಾದ ಸಿನಾಪ್ಸಿಸ್ ನಿಮಿಷಗಳಲ್ಲಿ ಸಿದ್ಧ. ಕೃತಿಚೌರ್ಯ ತಡೆಯುವ 2018ರ ಯುಜಿಸಿ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರಾಚೆಗೆ ಹಂತಹಂತವಾಗಿ ಶಿಕ್ಷೆ. ಪ್ರಬಂಧದಲ್ಲಿ ಪ್ರಶ್ನೆಯೇ ಇಲ್ಲ ಎಂಬುದನ್ನು ಅಳೆಯುವ ಸಾಫ್ಟ್‌ವೇರ್ ಮಾತ್ರ ಯಾರೂ ಮಾಡಿಲ್ಲ. ಆ ಅಳತೆಯನ್ನು ಗೈಡ್ ಮಾತ್ರ ಮಾಡಬಲ್ಲರು, ಎದುರು ಕೂರಿಸಿಕೊಂಡು ಕೇಳುವ ಮೂಲಕ: ನಿನ್ನ ಊಹೆ ತಪ್ಪಾದರೆ ಲೆಕ್ಕದಲ್ಲಿ ಏನು ಕಾಣುತ್ತದೆ? ಆ ಲೆಕ್ಕವನ್ನು ಯಾರು ಕೊಡುತ್ತಾರೆ, ಕೇಳಿದ್ದೀಯಾ?

ಗೈಡ್‌ಗಳ ಕೈಯಲ್ಲಿ ವಿದ್ಯಾರ್ಥಿಗಳ ದಂಡೇ ಇರುತ್ತದೆ, ಸಮಯವೆಲ್ಲಿ ಎಂಬ ತಕರಾರು ನ್ಯಾಯವಾದದ್ದೇ. ಆದರೆ ಬೈಂಡಿಂಗ್ ಆದ ಮೇಲೆ, ಇನ್ನೇನನ್ನೂ ತಿದ್ದಲಾಗದ ಹೊತ್ತಿನಲ್ಲಿ ನಡೆಯುವ ವೈವಾದ ಸಮಯ ಮತ್ತು ಅಂಕದ ಅರ್ಧ ಪಾಲನ್ನು ಪ್ರಸ್ತಾವದ ಹಂತಕ್ಕೆ ಕೊಡಲು ಅಧ್ಯಯನ ಮಂಡಳಿಗಳಿಗೆ ಹೊಸ ಖರ್ಚೇನೂ ಇಲ್ಲ. ಪಿಎಚ್‌.ಡಿ. ಸಿನಾಪ್ಸಿಸ್‌ಗಳನ್ನು ಸಾರ್ವಜನಿಕವಾಗಿ ಇಡಲು ಇನ್‌ಫ್ಲಿಬ್‌ನೆಟ್‌ನ ಶೋಧಗಂಗೋತ್ರಿ ಈಗಾಗಲೇ ಇದೆ. ಸ್ನಾತಕೋತ್ತರ ಪ್ರಾಜೆಕ್ಟ್‌ಗಳಿಗೂ ಕಾಲೇಜು ಮಟ್ಟದಲ್ಲಿ ಅಂಥದೊಂದು ಕಪಾಟು ಇದ್ದರೆ, ಒಂದು ಬ್ಯಾಚ್ ಲೆಕ್ಕ ಸಿಗದೆ ಕೈಬಿಟ್ಟ ಪ್ರಶ್ನೆಯನ್ನು ಮುಂದಿನ ಬ್ಯಾಚ್ ಎತ್ತಿಕೊಳ್ಳಬಹುದು.