ತಿಪ್ಪೆಗೆ ಸೂರು ಹಾಕಿ

ದೀಪಾವಳಿ ಮುಗಿದರೆ ಸಾಕು, ನಮ್ಮ ಗುಮಟಾಪುರಕ್ಕೆ ಕ್ಯಾಮೆರಾದವರು ಬರುತ್ತಾರೆ. ಬೀರೇಶ್ವರ ಸ್ವಾಮಿ ಗುಡಿಯ ಹಿಂದೆ ಸಗಣಿ ರಾಶಿ ಬೀಳುತ್ತದೆ, ಗೊರೆಹಬ್ಬ ನಡೆಯುತ್ತದೆ. ಕೆಲವರು ಮೂಗು ಮುಚ್ಚಿಕೊಂಡು ನಗುತ್ತಾರೆ. ನಗಲಿ ಬಿಡಿ. ಸಗಣಿ ಎರಚಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಮಾರನೇ ದಿನದಿಂದ ಅದೇ ಸಗಣಿಯನ್ನು ನಾವು ನಡೆಸಿಕೊಳ್ಳುವ ರೀತಿ ನೋಡಿ ನಾಚಿಕೆ.

ದೇವರು ತಿಪ್ಪೆಯಲ್ಲಿ ಸಿಕ್ಕಿದ ಅಂತ ಹಿರಿಯರು ಹೇಳುತ್ತಾರೆ. ಆ ತಿಪ್ಪೆಗೆ ಸೂರಿಲ್ಲ, ಸುತ್ತ ಬದುವಿಲ್ಲ. ಹಿಂಗಾರು ಮಳೆ ಹೊಡೆದರೆ ಗುಂಡಿ ತುಂಬಿ ಕಂದು ನೀರು ಬೀದಿಗೆ ಇಳಿಯುತ್ತದೆ, ಬೀದಿಯಿಂದ ಕೆರೆಗೆ. ಅದು ಬರೀ ಕೊಳಕು ನೀರಲ್ಲ ಕಣ್ರೀ, ಪೈರಿನ ಅನ್ನ. ಅದನ್ನು ಉಂಡು ಕೆರೆಯಲ್ಲಿ ಪಾಚಿ ಕೊಬ್ಬುತ್ತದೆ.

ಹರಿದು ಹೋಗುವುದು ಕಣ್ಣಿಗೆ ಕಾಣುತ್ತದೆ. ಹಾರಿ ಹೋಗುವುದು ಕಾಣುವುದಿಲ್ಲ. ಸಗಣಿ ಗಂಜಲದಲ್ಲಿ ಇರುವ ಸಾರಜನಕ ಮೊದಲು ಅಮೋನಿಯಾ ಆಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಅದೇ. ಗಾಳಿ ಆಡುವ ಕಡೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಆಮೇಲೆ ಮಳೆ ಬಂದು ನೀರು ನಿಂತಿತು ಅನ್ನಿ, ಅಡಿಯಲ್ಲಿ ಗಾಳಿಯಿಲ್ಲ. ಅಲ್ಲಿನ ಜೀವಿಗಳು ಉಸಿರಾಟಕ್ಕೆ ನೈಟ್ರೇಟನ್ನೇ ಹಿಡಿಯುತ್ತವೆ, ಸಾರಜನಕವನ್ನು ಅನಿಲ ಮಾಡಿ ಆಕಾಶಕ್ಕೆ ಬಿಡುತ್ತವೆ. ಒಮ್ಮೆ ಒಣಗಿ ಒಮ್ಮೆ ನೆನೆಯುವ ಕಡೆಯೇ ಈ ಕಳ್ಳತನ ಹೆಚ್ಚು. ನಮ್ಮ ಬಯಲು ತಿಪ್ಪೆ ಸರಿಯಾಗಿ ಅಂಥದ್ದು.

“ಹೋದರೆ ಹೋಯ್ತು, ಯೂರಿಯಾ ಇದೆಯಲ್ಲ?” ಅನ್ನುತ್ತೀರಿ. ನಾನು ಯೂರಿಯಾದ ವೈರಿಯಲ್ಲ. ಆದರೆ ಲೆಕ್ಕ ಕೇಳಿ. 45 ಕಿಲೋ ಮೂಟೆಯಲ್ಲಿ ಸಾರಜನಕ ಸುಮಾರು 20 ಕಿಲೋ. ನೀರು ನಿಂತ ಗದ್ದೆಗೆ ಮೇಲಿಂದ ಎರಚಿದರೆ ಸಾಮಾನ್ಯವಾಗಿ ಅದರಲ್ಲಿ ಅರ್ಧವೂ ಪೈರಿಗೆ ದಕ್ಕುವುದಿಲ್ಲ. ನಮ್ಮಲ್ಲಿ ಗದ್ದೆ ಕಮ್ಮಿ ಅಂತ ಸಮಾಧಾನ ಪಡಬೇಡಿ. ತಗ್ಗಿನ ಹೊಲದಲ್ಲಿ ಮಳೆ ನೀರು ನಿಂತು ಮುಸುಕಿನ ಜೋಳ ಹಳದಿ ತಿರುಗುವುದನ್ನು ನೋಡಿಲ್ಲವೇ? ಬೇರಿಗೆ ಉಸಿರಿಲ್ಲ, ಮಣ್ಣಿನ ನೈಟ್ರೇಟ್ ಹಾರುತ್ತಿದೆ. ನೀರು ಬಸಿಯುವ ಮೊದಲೇ ಇನ್ನೊಂದು ಮೂಟೆ ಸುರಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಕಾಲುವೆ ತೆಗೆಯಿರಿ, ಗೊಬ್ಬರ ಆಮೇಲೆ.

ಸಗಣಿ ಪವಿತ್ರ ಅಂತ ಭಾಷಣ ಮಾಡುವವರನ್ನೂ ನಾನು ಬಿಡುವುದಿಲ್ಲ. ಕೈ ಮುಗಿದರೆ ಸಾರಜನಕ ನಿಲ್ಲುವುದಿಲ್ಲ. ಗುಂಡಿ ತೋಡಬೇಕು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇದಕ್ಕೆ ದಾರಿ ತೋರಿಸಿದರು. ಕಸ, ಸಗಣಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತುವ ಪದ್ಧತಿ ಅದು. ‘ಬೆಂಗಳೂರು ಪದ್ಧತಿ’ ಅಂತಲೇ ಹೆಸರಾಯಿತು. ಗಾಳಿ ಹೋಗದಿದ್ದರೆ ನೈಟ್ರೇಟ್ ಹುಟ್ಟುವುದಿಲ್ಲ; ಹುಟ್ಟದ್ದು ಹಾರುವುದೂ ಇಲ್ಲ, ಕೊಚ್ಚಿ ಹೋಗುವುದೂ ಇಲ್ಲ.

“ಅಷ್ಟೆಲ್ಲ ಯಾರು ಮಾಡ್ತಾರೆ?” ಅಂದರೆ, ಇಷ್ಟಾದರೂ ಮಾಡಿ. ಎತ್ತರದ ಜಾಗ ಆರಿಸಿ. ಸುತ್ತ ಮೊಳದೆತ್ತರ ಬದು ಕಟ್ಟಿ. ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿ. ಸಗಣಿಗಿಂತ ಗಂಜಲದಲ್ಲೇ ಸಾರಜನಕದ ಅಂಶ ಹೆಚ್ಚು. ಕೊಟ್ಟಿಗೆಗೆ ಒಣಹುಲ್ಲು, ತರಗು ಹಾಸಿ ಅದನ್ನು ಹಿಡಿದುಕೊಳ್ಳಿ. ಇದಕ್ಕೆ ಸರ್ಕಾರದ ಆರ್ಡರು ಬೇಡ, ಎರಡು ದಿನದ ಮೈಬಗ್ಗಿಸಿದ ಕೆಲಸ ಸಾಕು.

ಮೇಷ್ಟ್ರುಗಳಿಗೂ ಒಂದು ಮಾತು. ಬೋರ್ಡಿನ ಮೇಲೆ ಬಾಣ ಹಾಕಿ ಸಾರಜನಕ ಚಕ್ರ ಬರೆಸಿದರೆ ಮಕ್ಕಳು ಪರೀಕ್ಷೆ ಮುಗಿದ ದಿನವೇ ಮರೆಯುತ್ತಾರೆ. ಈ ಸಲ ಶಾಲೆಯ ಹಿಂದೆ ಒಂದೇ ಅಳತೆಯ ಎರಡು ಸಗಣಿ ಗುಡ್ಡೆ ಹಾಕಿಸಿ. ಒಂದು ಬಯಲಲ್ಲಿ ನೆನೆಯಲಿ, ಇನ್ನೊಂದು ಮಣ್ಣು ಮೆತ್ತಿ ಮುಚ್ಚಿರಲಿ. ಸಂಕ್ರಾಂತಿ ಕಳೆದ ಮೇಲೆ ಎರಡರ ಗೊಬ್ಬರದಲ್ಲೂ ರಾಗಿ ಬಿತ್ತಿಸಿ. ಯಾವ ಪೈರು ಕಪ್ಪು ಹಸಿರಾಯಿತು, ಯಾವುದು ಬಿಳಿಚಿಕೊಂಡಿತು ಅಂತ ಮಕ್ಕಳೇ ಬಂದು ಅಪ್ಪಂದಿರಿಗೆ ಹೇಳಲಿ. ನನ್ನ ಮಾತು ಕೇಳದವರೂ ಮಕ್ಕಳ ಮಾತು ಕೇಳುತ್ತಾರೆ.